ಕ್ಲಿಪ್ಪಿನ ಎರಡು ಗುರುತು

ಬಟ್ಟೆ ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡರೆ ತುಕ್ಕಿನ ರುಚಿ, ಇರೋವೇ ನಾಲ್ಕು ಹಲ್ಲು, ಅದರಲ್ಲೂ ಎರಡು ಇವತ್ತೋ ನಾಳೆಯೋ ಅಂತ ಅಲ್ಲಾಡ್ತಾವೆ, ಇರಲಿ, ಬಕೆಟ್ಟಲ್ಲಿ ಇನ್ನು ಅವನ ಪ್ಯಾಂಟೊಂದೇ ಬಾಕಿ, ನನ್ನ ತಮ್ಮನ ಮಗ, ತಾಯಿಯಿಲ್ಲದ ಕೂಸು ಅಂತ ಎತ್ತಿಕೊಂಡು ಬಂದೆ, ಅವನ ಮೂಗು ಒರೆಸಿ ಒರೆಸಿ ನನ್ನ ಸೆರಗು ಸವೆದು ಕರವಸ್ತ್ರ ಆಯ್ತು, ಈಗ ನೋಡಿದರೆ ಇಂಜಿನ್ ಡಾಕ್ಟರು — ನಾನಿಟ್ಟ ಹೆಸರು, ಕರೆದರೆ ಉರೀತಾನೆ — ಹಡಗಿನ ಇಂಜಿನ್ನಿಗೂ ಕರೆಂಟ್ ಮಾಡೋ ಇಂಜಿನ್ನಿಗೂ ಮಸಿ ಕಾರದ ಎಣ್ಣೆ ಹುಡುಕೋ ಕೆಲಸ, ಮರದ ಪುಡಿಯಿಂದ ತೆಗೀತಾರಂತೆ, ಹಿತ್ತಲ ಗೋಡೆಯಾಚೆಗೇ ಅವರ ಶೆಡ್ಡು, ಮೊದಲು ಚಿಕ್ಕ ಇಂಜಿನ್ನು, ಆಮೇಲೆ ಮೂರಂತಸ್ತಿನದು, ಅದು ಸೀನಿದರೆ ಚಂದ್ರ ಎರಡಡಿ ಪಕ್ಕಕ್ಕೆ ಸರೀತಾನೆ. ನಿನ್ನ ಬಟ್ಟೆ ಒಣಗಿಸೋ ತಂತಿ ಬೇಕು ಅತ್ತೆ ಅಂದ, ನಂಬರು ಬರೆದ ಬಿಳಿ ಬಟ್ಟೆ ತುಂಡು ಕೊಟ್ಟ, ಇಂಜಿನ್ನು ಓಡುವಾಗ ಒದ್ದೆ ಮಾಡಿ ಮೂರು ದಿನ ನೇತು ಹಾಕು, ಮಸಿ ಕೂರುತ್ತೋ ನೋಡೋಣ, ನಮ್ಮ ಮಿಷನ್ನು ಏನಾದರೂ ಹೇಳಲಿ, ನಿನ್ನ ತಂತಿ ಸುಳ್ಳು ಹೇಳಲ್ಲ ಅಂದ, ತಂತಿ ಹೇಳಲ್ಲ ಕಣೋ, ನಾನು ಬೇಕಾದಷ್ಟು ಹೇಳ್ತೀನಿ ಅಂದೆ, ಇಬ್ಬರೂ ಬಿದ್ದು ಬಿದ್ದು ನಕ್ಕೆವು —

ನಗು ಬರಬಾರದಿತ್ತು. ಅವನ ಮಾವ, ನಮ್ಮ ಯಜಮಾನರು, ಹಡಗಿನ ಹೊಟ್ಟೆಯೊಳಗೆ ಇಪ್ಪತ್ತೆರಡು ವರ್ಷ ಇಂಜಿನ್ನಿಗೆ ಎಣ್ಣೆ ಹಾಕಿ, ಡಾಂಬರಿನಂಥ ಹೊಗೆ ಕುಡಿದು, ಕೊನೆಗೆ ಉಗುಳಿದರೆ ಅದನ್ನ ಅದ್ದಿಕೊಂಡು ಪತ್ರ ಬರೀಬಹುದಿತ್ತು, ಅಷ್ಟು ಕಪ್ಪು, ಇವನು ಹಾಸಿಗೆ ಪಕ್ಕ ಕೂತು ಇನ್ನೊಬ್ಬರು ಹೀಗೆ ಕೆಮ್ಮಬಾರದು ಅತ್ತೆ ಅಂದಿದ್ದ, ಹದಿನಾರು ವರ್ಷದವನು, ನಾನು ನಂಬಿದೆ, ನಂಬದೆ ಇನ್ನೇನು, ಚಿಕ್ಕ ಇಂಜಿನ್ನಿಗೆ ಬಟ್ಟೆ ಬಿಳಿ ಬಂದಾಗ ಓಣಿಗೆಲ್ಲ ಸಾರಿದೆ, ನಮ್ಮ ಡಾಕ್ಟರು ಮೋಡಾನೂ ತೊಳೀತಾನೆ ಅಂತ. ಹೋದ ವಾರ ದೊಡ್ಡ ಇಂಜಿನ್ನು ಓಡಿತು, ಮೂರು ದಿನ ಆದಮೇಲೆ ನಲವತ್ತೊಂದನೇ ನಂಬರು ಬಟ್ಟೆ ಇಳಿಸಿದೆ, ಕಾವಲಿ ತಳದ ಹಾಗೆ, ಕ್ಲಿಪ್ಪು ಕಚ್ಚಿದ್ದ ಜಾಗ ಎರಡು ಮಾತ್ರ ಬಿಳಿ, ಅಯ್ಯೋ ಡಾಕ್ಟರೇ ನಿಮ್ಮ ರೋಗಿ ಕೆಮ್ತಾ ಇದಾನೆ ಅಂದೆ, ನಗಲಿಲ್ಲ, ಮಡಚಿ ಜೇಬಿಗೆ ಇಟ್ಟ.

ಇವತ್ತು ಬೆಳಿಗ್ಗೆ ಕರೆದುಕೊಂಡು ಹೋದ, ಅಷ್ಟುದ್ದ ಮೇಜು, ಎಣ್ಣೆಗೆ ಒಪ್ಪಿಗೆ ಕೊಡೋ ದೊಡ್ಡೋರು, ನೀನೂ ಬಾ ಅತ್ತೆ, ನಿನ್ನ ಬಾಯಿಂದ ಬಂದರೆ ತೂಕ, ಗಾಜಿನ ಕೆಳಗೆ ಒಂದು ಬಟ್ಟೆ, ನಲವತ್ತೊಂದು ಅಂತ ಅವನದೇ ಅಕ್ಷರ, ಹಾಲಿನ ಕೆನೆ ಹಾಗೆ ಬಿಳಿ, ಪೊಟ್ಟಣದ ಮಡಿಕೆ ಕೂಡ ಮಾಸಿಲ್ಲ, ಕ್ಲಿಪ್ಪು ಅದರ ಮುಖವನ್ನೇ ನೋಡಿಲ್ಲ, ಇದು ನಿಮ್ಮ ತಂತೀದೇನಮ್ಮ ಅಂತ ಕೇಳಿದರು, ಊರಿಗೆಲ್ಲ ಬಾಯಿ ನಾನು, ಇವನು ನನ್ನ ಕಡೆ ನೋಡಿದ, ಅದೇ ಮೂಗು ಸುರಿಸೋ ಕೂಸಿನ ಕಣ್ಣು, ನಾನು ತಲೆ ಆಡಿಸಿದೆ — ಹೂಂ ಅಂತ ಆಡಿಸಿದೆ. ಚಪ್ಪಾಳೆ. ಹೊರಗೆ ಬಂದು ಮುಂದೆ ಸರಿಹೋಗುತ್ತೆ ಅತ್ತೆ, ಒಪ್ಪಿಗೆ ಸಿಗಲಿ ಮೊದಲು ಅಂದ, ಮುಂದೆ ಅಂದರೆ ಯಾವಾಗಪ್ಪ, ನಾವೆಲ್ಲ ಕೆಮ್ಮಿ ಮುಗಿಸಿದ ಮೇಲಾ ಅಂತ ಕೇಳಬೇಕಿತ್ತು, ಸೋಮವಾರದಿಂದ ಓಣಿ ತುದಿಯ ಕರೆಂಟ್ ಮಾಡೋ ಮನೇಲಿ ಇದೇ ಎಣ್ಣೆ ಉರಿಸ್ತಾರಂತೆ, ಎದುರುಮನೆ ಬಾಣಂತಿ ಕೂಸನ್ನ ಬಾಗಿಲಲ್ಲೇ ಬಿಸಿಲಿಗೆ ಹಿಡ್ಕೊಂಡು ನಿಂತಿದಾಳೆ ನೋಡು, ಡಾಕ್ಟರು ಬಂದ್ರಾ ಅತ್ತೆ ಅಂತ ನಗ್ತಾಳೆ —

ಪ್ಯಾಂಟು ಹಿಂಡಿದರೆ ಜೇಬಲ್ಲಿ ಏನೋ ಗಂಟು, ಮುದ್ದೆಯಾದ ಬಟ್ಟೆ, ಮರೆತನೋ, ಅತ್ತೆ ಹೇಗೂ ಒಗೀತಾಳೆ ಅಂತ ಬಿಟ್ಟನೋ, ಸೋಪಿಗೂ ಬಗ್ಗಿಲ್ಲ ಎಣ್ಣೆ ಮಸಿ, ಬಿಡಿಸಿದೆ, ನಲವತ್ತೊಂದು, ಕಪ್ಪು, ಇನ್ನೊಂದು ಸಲ ಉಜ್ಜಿದರೆ ಹೋದೀತು, ಉಜ್ಜೋಕೆ ಕೈ ಏಳಲಿಲ್ಲ, ಹಿತ್ತಲ ತಂತಿ ಬೇಡ, ಓಣಿಗೆಲ್ಲ ಕಾಣೋ ಹಾಗೆ ಬೀದಿ ಕಡೆಯದಕ್ಕೆ ಹಾಕಿದೆ, ಬಾಯಿಂದ ಎರಡು ಕ್ಲಿಪ್ಪು ತೆಗೆದು ಒತ್ತಿದೆ, ಜಾಗ ಹುಡುಕಬೇಕಾಗಲಿಲ್ಲ, ತಾವಾಗೇ ಹೋಗಿ ಕೂತವು, ಆ ಎರಡು ಬಿಳಿ ಗುರುತಿನ ಮೇಲೆ, ಎರಡು ಬಿಳಿ ಗುರುತು, ಎರಡು