ನೀಲಿ ಫೋನಿನ ಮುಂದಿನ ಕ್ಯಾಮೆರಾ

ಇಷ್ಟು ಬೆಳಕಿದ್ದರೆ ಯಾರ ಕೈಯಾದರೂ ಚೆನ್ನಾಗಿಯೇ ಕಾಣುತ್ತದೆ, ಇದು ಫೋನಿನ ಅಂಗಡಿಯೋ ಆಪರೇಷನ್ ಕೋಣೆಯೋ, ತಲೆಯ ಮೇಲೆ ಸಾಲು ದೀಪ, ಗಾಜಿನ ಮೇಜಿನ ಒಳಗೂ ದೀಪ, ನೀಲಿ ಫೋನಿನ ಪರದೆಯಲ್ಲಿ ನನ್ನ ಬೆರಳುಗಳು ಬಿಡಿಬಿಡಿಯಾಗಿ, ಉಗುರಿನ ಸಂದಿಯಲ್ಲಿ ಕೂತ ಮಾತ್ರೆಯ ಪುಡಿ ಕೂಡ ಕಾಣುತ್ತಿದೆ — ಬೆಳಿಗ್ಗೆಯಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಹಾಗೇ ಬಂದ ಕೈ, ತೊಳೆಯುವುದಕ್ಕೂ ಪುರಸೊತ್ತಾಗಲಿಲ್ಲ — ಚೆನ್ನಾಗಿದೆ, ಚೆನ್ನಾಗಿಯೇ ಇದೆ, ಆದರೆ ನಾಳೆಯಿಂದ ತಂಗಿ ಇರಬೇಕಾದ ಬೇಕರಿಯವರ ಹಾಸ್ಟೆಲಿನಲ್ಲಿ ಇಷ್ಟು ದೀಪ ಇವರಪ್ಪ ಬಂದು ಹಾಕಿಕೊಡುತ್ತಾನಾ. ಮೇಡಂ, ಕೈ ಯಾಕೆ ಹಾಗೆ ಆಡಿಸ್ತಿದೀರಾ, ಮುಖ ತೋರಿಸಿ, ಸೆಲ್ಫಿ ಸೂಪರಾಗಿ ಬರುತ್ತೆ, ಎನ್ನುತ್ತಾನೆ ಸೇಲ್ಸಿನವನು, ಸೆಲ್ಫಿ ಯಾರಿಗೆ ಬೇಕು ಮಾರಾಯ, ನನಗೆ ಬೇಕಾದದ್ದು ಕೈ, ಓಡುವ ಕೈ, ಅದೂ ಮಬ್ಬು ಬೆಳಕಿನಲ್ಲಿ ಓಡುವ ಕೈ, ಇದನ್ನು ಇವನಿಗೆ ಹೇಗೆ ಹೇಳುವುದು. ಪಕ್ಕದಲ್ಲಿ ನನ್ನ ತಂಗಿ ಭುಜ ತಟ್ಟುತ್ತಾಳೆ, ತನ್ನ ತಲೆಯ ಮೇಲೆ ಅಂಗೈಯಿಂದ ಕೂದಲು ಒತ್ತಿ ಒತ್ತಿ ಕೂರಿಸುತ್ತಾಳೆ, ಅಂದರೆ ಇವನೇ, ಎಣ್ಣೆಯೋ ಜೆಲ್ಲೋ ಹಚ್ಚಿ ತಲೆ ಅಂಟಿಸಿಕೊಂಡಿರುವ ಇವನು, ಐದು ನಿಮಿಷದಲ್ಲಿ ಅವನಿಗೆ ಹೆಸರಿಟ್ಟಾಯಿತು, ಕೂದಲೊತ್ತಿದವನು ಸುಳ್ಳು ಹೇಳುತ್ತಿದ್ದಾನೆ ನೋಡು ಎಂದು ಅವನೆದುರೇ ಕೈಯಲ್ಲಿ ಹೇಳಿ ಅವನತ್ತ ತಿರುಗಿ ಹಲ್ಲು ಬಿಡುತ್ತಾಳೆ, ಅವನೂ ನಗುತ್ತಾನೆ, ಪಾಪ. ಅಮ್ಮ ಇವಳನ್ನು ಚೂಟಿ ಎನ್ನುತ್ತಾಳೆ, ಹುಟ್ಟಿದಾಗಿನಿಂದ ಕಿವಿ ಕೇಳದ ಇವಳು ಆ ಹೆಸರನ್ನು ಅಮ್ಮನ ತುಟಿಯ ಮೇಲೆ ನೋಡಿದ್ದಾಳೆ ಅಷ್ಟೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಾಳೆ, ದೂರದ ಊರು, ಕೇಕಿನ ಮೇಲೆ ಕ್ರೀಮಿನಲ್ಲಿ ಹೂವು ಮಾಡುವ ಕೆಲಸ, ಆಮೇಲೆ ಅವಳಿಗೂ ನನಗೂ ಮಾತೆಂದರೆ ಈ ಅಂಗೈಯಗಲದ ಗಾಜು.

ಎರಡು ದಿನ ಚಾರ್ಜ್ ಮಾಡೋದೇ ಬೇಡ ಮೇಡಂ, ಮರೆತೇಬಿಡಿ, ಎನ್ನುತ್ತಾನೆ ಕೂದಲೊತ್ತಿದವನು, ಅದು ಒಳ್ಳೆಯದೇ, ಅದನ್ನು ಅಲ್ಲಗಳೆಯುವ ಹಾಗಿಲ್ಲ, ಪರದೆಯೂ ದೊಡ್ಡದು, ನನ್ನ ಕೈ ಅವಳಿಗೆ ಚೆನ್ನಾಗಿ ಕಾಣುತ್ತದೆ, ಬಿದ್ದರೂ ಒಡೆಯದ ಗಾಜಂತೆ, ಹಿಂದಿನ ಕ್ಯಾಮೆರಾ ಐವತ್ತು ಮೆಗಾಪಿಕ್ಸೆಲ್ಲಂತೆ, ಐವತ್ತಲ್ಲ ಐನೂರಿರಲಿ, ಹಿಂದಿನದು ಹೂವು ಕೇಕು ಫೋಟೊ ತೆಗೆಯುವುದಕ್ಕೆ, ಮಾತಾಡುವವಳ ಎದುರಿಗಿರುವುದು ಮುಂದಿನ ಕ್ಯಾಮೆರಾ, ಅದೆಷ್ಟು ಎಂದು ಕೇಳಿದರೆ ಅವನ ದನಿ ಇಳಿಯುತ್ತದೆ, ಐದು ಇದೆ ಮೇಡಂ, ಆದ್ರೆ ಸಾಫ್ಟ್‌ವೇರ್ ತುಂಬ ಚೆನ್ನಾಗಿದೆ. ಈ ಬೆಲೆಗೆ ಎಲ್ಲೋ ಒಂದು ಕಡೆ ಕತ್ತರಿ ಹಾಕಲೇಬೇಕಲ್ಲ, ನನಗೆ ಅರ್ಥವಾಗುತ್ತದೆ, ಆದರೆ ಹಾಕುವವರು ಎಲ್ಲ ಬಿಟ್ಟು ಇಲ್ಲಿಗೇ ಹಾಕಬೇಕಿತ್ತಾ. ಮತ್ತೆ ಸೌಂಡ್ ಕೇಳಿ ಮೇಡಂ, ಎರಡು ಸ್ಪೀಕರು, ಈ ರೇಟಲ್ಲಿ ಯಾರೂ ಕೊಡಲ್ಲ — ಡುಬುಡುಬು ಎಂದು ಅದೇನೋ ಹಾಡು ಹಾಕಿಯೇಬಿಟ್ಟ, ಗಾಜಿನ ಮೇಜು ಅದುರುತ್ತದೆ, ಚೂಟಿ ಮೇಜಿನ ಮೇಲೆ ಅಂಗೈ ಇಟ್ಟು ಹುಬ್ಬೇರಿಸಿ ಭಾರಿ ಮೆಚ್ಚಿದವಳ ಹಾಗೆ ತಲೆದೂಗುತ್ತಾಳೆ, ಅವನು ಹಿಗ್ಗುತ್ತಾನೆ, ಇಯರ್‌ಫೋನ್ ಬೇರೆ ಫ್ರೀ ಎನ್ನುತ್ತಾನೆ, ನಾನು ನಗಬೇಕೋ ಅಳಬೇಕೋ, ಯಾರೂ ಕೊಡದ ಸೌಂಡು ಕೊನೆಗೂ ಸರಿಯಾದವಳ ಕೈಗೆ ಬಂದು ಬಿತ್ತು. ಪರದೆಯಲ್ಲಿ ನನ್ನ ಮುಖ ನೋಡಿಕೊಂಡರೆ ಇದೇನಿದು, ನಾನೇನಾ, ಕಣ್ಣಿನ ಕೆಳಗಿನ ಕಪ್ಪಿಲ್ಲ, ಹಣೆಯಲ್ಲಿ ಒಂದು ಗೆರೆ ಇಲ್ಲ, ಬ್ಯೂಟಿ ಮೋಡ್ ಮೇಡಂ, ತಾನಾಗೇ ಆನ್ ಆಗುತ್ತೆ, ಅಯ್ಯೋ ತೆಗಿಯಪ್ಪ ಅದನ್ನ, ಹಣೆಯ ಗೆರೆ ಅಳಿಸಿದರೆ ಪ್ರಶ್ನೆ ಎಲ್ಲಿಂದ ಬರಬೇಕು, ನಾವು ಪ್ರಶ್ನೆ ಕೇಳುವುದು ಹುಬ್ಬಿನಲ್ಲಿ, ಬೇಡ ಎನ್ನುವುದು ಮೂಗು ಕಿವುಚಿ, ಈ ಫೋನು ಸುಕ್ಕೆಲ್ಲ ಒರೆಸಿ ನಮ್ಮಿಬ್ಬರನ್ನೂ ಬೊಂಬೆ ಮಾಡಿ ಕೂರಿಸುತ್ತದೆ. ತೆಗೆಯಬಹುದಂತೆ, ಸೆಟ್ಟಿಂಗಿನಲ್ಲಿ ಇದೆಯಂತೆ, ತೆಗೆದ, ನನ್ನ ಗೆರೆಗಳು ವಾಪಸು ಬಂದವು, ನಿರಾಳವಾಯಿತು.

ಟೈಪ್ ಮಾಡಿದರಾಯಿತಲ್ಲ, ಎನ್ನುತ್ತಾರೆ ಎಲ್ಲರೂ, ನಮ್ಮ ಔಷಧಿ ಅಂಗಡಿಯ ಯಜಮಾನರೂ ಅದನ್ನೇ ಅಂದರು, ಈಗಿನ ಕಾಲದಲ್ಲಿ ಯಾರು ಮಾತಾಡ್ತಾರಮ್ಮ, ಎಲ್ಲ ಮೆಸೇಜೇ. ಅವಳ ಮೆಸೇಜು ನೋಡಿದ್ದಾರಾ ಇವರು, ಊಟ ಆಯಿತು, ಕೆಲಸ ಆಯಿತು, ಚೆನ್ನಾಗಿದೆ, ಅಷ್ಟೇ, ಟಪ್ ಟಪ್ ಎಂದು ಕಲ್ಲಿಟ್ಟ ಹಾಗೆ, ಬರಹದಲ್ಲಿ ಅವಳು ಒಬ್ಬಳು ಸಾಧು ಹುಡುಗಿ, ಕೈಯಲ್ಲಿ ಅವಳು ಹತ್ತು ಜನ, ಹಾಸ್ಟೆಲಿನ ವಾರ್ಡನ್ ನಡೆಯುವುದು, ಬಸ್ಸಿನಲ್ಲಿ ತೂಕಡಿಸುವವನು ಪಕ್ಕದವಳ ಭುಜಕ್ಕೆ ಒರಗುವುದು, ಅವಳು ಸರಿಯುವುದು, ಅವನು ಬೀಳುವುದು, ಎಲ್ಲ ಒಂದೇ ಉಸಿರಿಗೆ, ನಾನೂ ಅಷ್ಟೇ ಜೋರು, ನಿಮ್ಮಿಬ್ಬರ ಪಕ್ಕ ಕೂತ್ರೆ ಫ್ಯಾನೇ ಬೇಡ ನೋಡು, ಎನ್ನುತ್ತಾಳೆ ಅಮ್ಮ. ಅಮ್ಮನಿಗೆ ಬರುವುದು ಅಡುಗೆಮನೆಯಷ್ಟು ಭಾಷೆ, ತಿನ್ನು, ಸಾಕಾ, ಬಿಸಿ ಇದೆ, ಮಲಗು, ಅದೂ ಒಂದೇ ಕೈಯಲ್ಲಿ, ಇನ್ನೊಂದರಲ್ಲಿ ಯಾವಾಗಲೂ ಸೌಟು. ಹೋದ ತಿಂಗಳು ತರಬೇತಿಗೆಂದು ಒಂದು ವಾರ ಅಲ್ಲಿಗೆ ಹೋಗಿದ್ದಳಲ್ಲ, ಆಗಲೇ ನನಗೆ ಈ ಹುಳ ಹೊಕ್ಕಿದ್ದು, ಸಂಜೆ ಅವಳ ಹಳೆಯ ಫೋನಿನಿಂದ ವಿಡಿಯೊ ಕಾಲ್ ಬಂತು, ಹಾಸ್ಟೆಲಿನ ಓಣಿಯಂಥ ಜಾಗ, ಹಿಂದೆಲ್ಲೋ ಒಂದು ಹಳದಿ ದೀಪ, ಅವಳ ಮುಖ ಅರ್ಧ ಕಾಣುತ್ತದೆ, ಕೈಗಳು ಶುರುವಾದವು, ಶುರುವಾದ ಕೂಡಲೇ ಕರಗಿದವು, ಬೆರಳೇ ಇಲ್ಲ, ಮಣಿಕಟ್ಟಿನ ಮುಂದೆ ಒಂದು ಬೂದು ಮುದ್ದೆ ಆ ಕಡೆ ಈ ಕಡೆ ಬಳಿದ ಹಾಗೆ, ಜೋರಾಗಿ ಹೇಳುತ್ತಿದ್ದಾಳೆ, ಏನೋ ಆಗಿದೆ, ನಗುತ್ತಿದ್ದಾಳಾ ಅಳುತ್ತಿದ್ದಾಳಾ ಅದೂ ಗೊತ್ತಾಗದು, ನಾನು ಕಾಣ್ತಿಲ್ಲ ಕಾಣ್ತಿಲ್ಲ ಎಂದು ಕೈಯಾಡಿಸುತ್ತಲೇ ಇದ್ದೆ, ಅಷ್ಟರಲ್ಲಿ ಅವಳ ಫೋನು ಸತ್ತಿತು. ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರವನ್ನೆಲ್ಲ ಓದಿ ಮಾತ್ರೆ ಕೊಡುವವಳು ನಾನು, ನನ್ನ ತಂಗಿಯ ಕೈ ಓದಲಾಗಲಿಲ್ಲ. ಮಾರನೆಯ ದಿನ ಮೆಸೇಜು, ಏನಿಲ್ಲ, ಚೆನ್ನಾಗಿದೆ. ಮನೆಗೆ ಬಂದ ಮೇಲೆ ಕೇಳಿದೆ, ಆವತ್ತು ಏನು ಹೇಳ್ತಿದ್ದೆ, ಯಾವತ್ತು, ಆವತ್ತು ಓಣಿಯಲ್ಲಿ, ಓ ಅದಾ, ಮರೆತುಹೋಯ್ತು ಎಂದಳು, ನಿಜವಾಗಿ ಮರೆತಳೋ ಬಚ್ಚಿಟ್ಟಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆದ್ದರಿಂದಲೇ ಪಕ್ಕದಲ್ಲಿಟ್ಟಿರುವ ಆ ದುಬಾರಿ ಕಪ್ಪು ಫೋನು, ಕೊಡಿಯಪ್ಪ ಅದನ್ನು ಇಲ್ಲಿ, ಇದು ಬೇರೆ ರೇಂಜು ಮೇಡಂ, ಗೊತ್ತು ಕೊಡಿ, ಅಬ್ಬಾ, ಎಷ್ಟು ಜೋರಾಗಿ ಆಡಿಸಿದರೂ ಬೆರಳು ಬೆರಳಾಗಿಯೇ ಉಳಿಯುತ್ತದೆ, ಇದೇ, ಇದೇ ಬೇಕು, ಬ್ಯಾಟರಿ ಒಂದು ದಿನವಂತೆ, ಇರಲಿ, ದಿನಾ ಚಾರ್ಜ್ ಮಾಡಲಿ, ಹೆಚ್ಚಿಗೆ ಬೀಳುವ ದುಡ್ಡು ನಾನು ಹಾಕುತ್ತೇನೆ, ನನ್ನದು ಹೇಗೋ ನಡೆಯುತ್ತದೆ — ಚೂಟಿಗೆ ಹೇಳುವ ಮೊದಲೇ ಅವಳು ಓದಿಯಾಗಿದೆ, ನನ್ನ ಮುಖದಲ್ಲಿ ಓದುತ್ತಾಳೆ, ಕಪ್ಪು ಫೋನನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲೆ ಇಟ್ಟು ಅವನ ಕಡೆಗೆ ತಳ್ಳುತ್ತಾಳೆ, ಬೇಡ. ಯಾಕೆ. ನನ್ನ ದುಡ್ಡು, ನನ್ನ ಫೋನು, ನಾವು ಮಾತಾಡಿ ಆಗಿತ್ತಲ್ಲ, ಎನ್ನುತ್ತಾಳೆ. ಸಾಲ ಅಂದ್ಕೋ, ಆಮೇಲೆ ಕೊಡು. ಬೇಡ. ಕೈ ಕಾಣಲ್ಲ ಕಣೇ, ಓಣಿಯಲ್ಲಿ ಕಾಣಲ್ಲ. ದೀಪದ ಹತ್ರ ನಿಲ್ತೀನಿ. ದಿನಾ ನಿಲ್ಲಕ್ಕಾಗುತ್ತಾ. ಆಗುತ್ತೆ, ಎಂದು ಅಂಗೈ ಅಂಗೈಗೆ ಬಡಿಯುತ್ತಾಳೆ, ಅಂಗಡಿಯಲ್ಲಿ ಆ ಸದ್ದಿಗೆ ನಾಲ್ಕು ಜನ ತಿರುಗುತ್ತಾರೆ, ಅವಳಿಗೆ ಅದರ ಪರಿವೆಯೇ ಇಲ್ಲ, ನನಗಿದೆ, ಚಿಕ್ಕಂದಿನಿಂದ ಆ ತಿರುಗುವ ತಲೆಗಳ ಲೆಕ್ಕ ಇಟ್ಟುಕೊಂಡು ಬಂದವಳು ನಾನು. ಸ್ಕೂಲಿನಲ್ಲಿ, ಆಸ್ಪತ್ರೆಯಲ್ಲಿ, ಆಧಾರವಾಗಿ ನಿಂತೆ ಎಂದು ನಾನು ಅಂದುಕೊಂಡ ಜಾಗದಲ್ಲೆಲ್ಲ ಅವಳು ಸುಮ್ಮನೆ ಕಾಯುತ್ತಿದ್ದಳೇನೋ, ಅಕ್ಕ ಮುಗಿಸಲಿ ಎಂದು, ಈ ಬೇಕರಿ ಕೆಲಸದ ಸಂದರ್ಶನಕ್ಕೆ ನನ್ನನ್ನು ಒಳಗೆ ಬಿಡಲಿಲ್ಲ, ಅವಳೇ ಬಿಡಲಿಲ್ಲ, ನಾನು ಹೊರಗಿನ ಬೆಂಚಿನಲ್ಲಿ ಕೂತು ಬಾಗಿಲ ಗಾಜಿನಿಂದ ಇಣುಕುತ್ತಿದ್ದೆ, ಹೊರಬಂದವಳ ಮುಖ ಹೊಳೆಯುತ್ತಿತ್ತು. ಫೋನು ಚೆನ್ನಾಗಿಲ್ಲ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿಬಿಟ್ಟರೆ ಸಾಕು, ನಾಳೆಯ ಬಸ್ಸು ತಪ್ಪುತ್ತದೆ ಎಂಬಂತೆ ನಾನು ಆಡುತ್ತಿದ್ದೇನಲ್ಲ, ತಪ್ಪುವುದಿಲ್ಲ, ಹೋಗುವವಳು ಹೋಗುತ್ತಾಳೆ, ಹೆದರಿಕೆ ನನಗೆ, ಅವಳಿಗಲ್ಲ, ಅವಳ ಮಾತು ನಿಂತರೆ ಮನೆಯಲ್ಲಿ ನನ್ನ ಜೊತೆ ಹಾಗೆ ಮಾತಾಡುವವರು ಇನ್ನು ಯಾರಿದ್ದಾರೆ. ಸರಿ, ಹಾಗಾದರೆ ಪರೀಕ್ಷೆ ಮಾಡೋಣ, ಎನ್ನುತ್ತೇನೆ, ದೀಪ ಇಲ್ಲದ ಕಡೆ, ಗೆದ್ದರೆ ನೀಲಿ, ಸೋತರೆ ಕಪ್ಪು, ಮತ್ತೆ ಮಾತಿಲ್ಲ. ಅವಳು ಒಪ್ಪುತ್ತಾಳೆ, ಇಷ್ಟು ಬೇಗ ಒಪ್ಪುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ.

ಸ್ಟೋರ್ ರೂಮಾ, ಯಾಕೆ ಮೇಡಂ, ಎಂದು ಅವನು ಬೆರಗಾಗುತ್ತಾನೆ, ಆದರೂ ಒಳ್ಳೆಯವನು, ಹಿಂದಿನ ಬಾಗಿಲು ತೆಗೆದು ರಟ್ಟಿನ ಡಬ್ಬಗಳ ನಡುವೆ ಒಂದು ಸ್ಟೂಲು ಹಾಕಿಕೊಡುತ್ತಾನೆ, ಅಂಗಡಿಯ ನಂಬರಿನಿಂದಲೇ ನೀಲಿ ಫೋನಿನಲ್ಲಿ ಕಾಲ್ ಮಾಡ್ತೀನಿ ಎನ್ನುತ್ತಾನೆ, ದೀಪ ಆರಿಸಿ, ಪೂರ್ತಿನಾ, ಬಾಗಿಲು ಅರ್ಧ ತೆಗೆದಿಡಿ, ಓಣಿಯ ದೀಪದಷ್ಟು ಬೆಳಕು ಬರಲಿ. ಚೂಟಿಯನ್ನು ಒಳಗೆ ಕೂರಿಸಿ ನಾನು ನನ್ನ ಫೋನು ಹಿಡಿದು ಹೊರಗೆ ಫುಟ್‌ಪಾತಿಗೆ ಬರುತ್ತೇನೆ, ಮುಸ್ಸಂಜೆ, ಸ್ಕೂಟರುಗಳು, ಪಕ್ಕದ ಅಂಗಡಿಯ ಷಟರು ಕಿರುಗುಟ್ಟುತ್ತಾ ಅರ್ಧಕ್ಕೆ ಇಳಿಯುತ್ತಿದೆ, ಯಾರೋ ಭುಜ ತಾಗಿಸಿಕೊಂಡು ಹೋದರು, ಫೋನು ಗುಂಯ್ ಎನ್ನುತ್ತದೆ, ಬಂತು. ಅವಳು ಫೋನನ್ನು ಡಬ್ಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದಾಳೆ, ಎರಡೂ ಕೈ ಬಿಡುವಿರಬೇಕಲ್ಲ, ಜಾರಿತು, ಚಾವಣಿ ಕಂಡಿತು, ಮತ್ತೆ ನಿಂತಿತು, ಮಬ್ಬು, ಕೆನ್ನೆಯ ಒಂದು ಬದಿಗೆ ಬೆಳಕು, ಶುರುಮಾಡಿದಳು — ಮುದ್ದೆ. ಅದೇ ಮುದ್ದೆ, ಅದೇ ಬೂದು ಬಳಿತ, ಬೆರಳಿಲ್ಲ, ನನಗೆ ಹೆದರಿಕೆ, ಜೊತೆಗೇ, ಹೇಳಿಬಿಡುತ್ತೇನೆ, ಖುಷಿ, ಗೆದ್ದೆ, ಕಪ್ಪು ಫೋನು ತೆಗೆದುಕೊಳ್ಳುತ್ತಾಳೆ, ಹಟಕ್ಕೆ ಬಿದ್ದು ತೆಗೆದುಕೊಳ್ಳುವುದೇ ಇಲ್ಲವೆಂದರೆ ಇನ್ನೊಂದು ವಾರ ಅವಳನ್ನು ಮನೆಯಲ್ಲೇ ತಡೆಯಬಹುದು. ಕಾಣ್ತಿಲ್ಲ, ಎಂದು ಒಂದೇ ಕೈಯಲ್ಲಿ ಹೇಳುತ್ತೇನೆ, ಇನ್ನೊಂದು ಕೈಯಲ್ಲಿ ಫೋನಿದೆ, ಏನೂ ಕಾಣ್ತಿಲ್ಲ, ನೋಡು ನಾನು ಹೇಳಿರಲಿಲ್ವಾ. ಅವಳು ಪರದೆಯ ಹತ್ತಿರ ಬಗ್ಗಿ ನನ್ನನ್ನು ನೋಡುತ್ತಾಳೆ, ಏನು ಕಂಡಿತೋ ನನ್ನ ಮುಖದಲ್ಲಿ.

ಸ್ಟೂಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಬೆನ್ನು ನೆಟ್ಟಗೆ ಮಾಡುತ್ತಾಳೆ, ಬೆಳಕು ಬೀಳುವ ಕಡೆಗೆ ಒಂದು ಚೂರು ತಿರುಗುತ್ತಾಳೆ, ಕೈಗಳು ಎದೆಯ ಮಟ್ಟಕ್ಕೆ ಏಳುತ್ತವೆ, ನಿಲ್ಲುತ್ತವೆ. ಅಕ್ಕ. ನಿಲ್ಲುತ್ತವೆ. ಈಗ. ನಿಲ್ಲುತ್ತವೆ. ಕಾಣುತ್ತಾ. ಬೆರಳು, ಅಷ್ಟೂ ಬೆರಳು, ಗೆಣ್ಣು ಗೆಣ್ಣೂ ಬೇರೆಬೇರೆ, ಎಷ್ಟು ಸ್ಪಷ್ಟ, ಒಂದು ಮಾತು, ಬಿಡುವು, ಇನ್ನೊಂದು ಮಾತು, ಬಿಡುವು, ಜೊತೆಗೆ ತುಟಿಯನ್ನೂ ಅಗಲಿಸಿ ತೋರಿಸುತ್ತಿದ್ದಾಳೆ, ಬ್ಯಾಂಕಿನವನಿಗೆ ತೋರಿಸುವ ಹಾಗೆ — ಹೌದು, ಈ ಕೈ ನಾನು ನೋಡಿದ್ದೇನೆ, ಪಕ್ಕದಿಂದ ನೋಡಿದ್ದೇನೆ, ಹಲ್ಲಿನ ಡಾಕ್ಟರ ಮುಂದೆ, ಕಂಡಕ್ಟರ ಮುಂದೆ, ಬಾಗಿಲ ಗಾಜಿನಾಚೆ ಸಂದರ್ಶನ ಮಾಡುವವರ ಮುಂದೆ, ಹೊರಗಿನವರಿಗೆಂದು ಇಟ್ಟುಕೊಂಡ ಕೈ ಇದು, ಅವರಿಗೆ ಮುಗಿಸಿ ನನ್ನ ಕಡೆ ತಿರುಗಿದ ಕೂಡಲೇ ಬಿಚ್ಚಿಕೊಂಡು ಓಡುತ್ತಿತ್ತು, ನನ್ನ ಕಡೆಗೆ ಹೀಗೆ ಒಂದು ಸಲವೂ, ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ. ಏನಂತೆ ಮೇಡಂ, ಕ್ಲಿಯರಾಗಿದೆಯಲ್ಲ, ಬಿಲ್ ಹಾಕ್ಲಾ, ಎಂದು ಪರದೆಯೊಳಗಿನ ಕತ್ತಲೆಯಿಂದ ಕೂದಲೊತ್ತಿದವನ ದನಿ ಬರುತ್ತದೆ, ಕ್ಲಿಯರಾಗಿದೆಯಪ್ಪ, ಗೆದ್ದಿತು ನಿನ್ನ ಫೋನು, ಹಾಕು. ಚೂಟಿ ಕಾಯುತ್ತಿದ್ದಾಳೆ, ಕಾಣ್ತಿದೆ ಎನ್ನಬೇಕು ನಾನು, ಕೈ ಏಳುತ್ತಿಲ್ಲ, ತಿಳಿಯಲಿಲ್ಲವೇನೋ ಎಂದುಕೊಂಡು ಅವಳು ಮತ್ತೆ ಶುರುಮಾಡುತ್ತಾಳೆ, ಬೇಸರವಿಲ್ಲದೆ, ಒಳ್ಳೆಯ ಮುಖ ಮಾಡಿಕೊಂಡು, ಮೊದಲಿಗಿಂತಲೂ ನಿಧಾನವಾಗಿ, ಅಕ್ಕ, ನಿಂತ ಕೈ, ಈಗ, ನಿಂತ ಕೈ, ಬೆರಳು ಬಿಡಿಸಿ ನನಗೆ ತಿಳಿಯಲೆಂದು ಕಾಯುತ್ತಾ ಗಾಳಿಯಲ್ಲಿ ನಿಂತ ಕೈ —