ಮಾಂತ್ರಿಕನ ನಗು

ತಿರ್ಲಾಪುರದ ಹನಮಪ್ಪನನ್ನು ಸಿನಿಮಾದಲ್ಲಿ ಕೊಂದವನು ಅವನ ಸ್ವಂತ ಮಗ ಶಿವಾಜಿ. ‘ಕಾಳಗಿರಿಯ ಖಡ್ಗ’ ಎಂಬ ಆ ಸಿನಿಮಾ ಥೇಟರಿನ ಮುಖ ಕಂಡದ್ದಲ್ಲ. ನವಲಗುಂದದಲ್ಲಿ ಮದುವೆ ವಿಡಿಯೊ ತೆಗೆಯುವ ಸುಭಾಸ, ಮದುವೆಗಳಿಲ್ಲದ ಆಷಾಢದಲ್ಲಿ ಸುಮ್ಮನೆ ಕೂರಲಾರದೆ ಯೂಟ್ಯೂಬಿಗೆಂದು ತೆಗೆದದ್ದು. ಅಪ್ಪ ಮಾಂತ್ರಿಕ, ಮಗ ರಾಜಕುಮಾರ. ಖಡ್ಗ ಪ್ಲೈವುಡ್ಡಿನದು. ಬೆಂಕಿಯುಗುಳುವ ಮಹಾಸರ್ಪವೆಂದರೆ ಬೇಲಿ ಮೇಲಿನ ಓತಿಕ್ಯಾತ, ಹತ್ತಿರದಿಂದ ತೆಗೆದದ್ದು. ಮಂತ್ರದ ಹೊಗೆ ಯಮನೂರಿನಿಂದ ತಂದ ಲೋಬಾನದ್ದು. ಸಾವಿರ ವರ್ಷದ ಹಿಂದಿನ ಕಾಳಗಿರಿಯ ಆಕಾಶದಲ್ಲಿ ಕರೆಂಟಿನ ತಂತಿ ಕಾಣುತ್ತಿತ್ತು. ಮಂದಿ ಇದನ್ನೆಲ್ಲ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಮತ್ತೆ ಮತ್ತೆ ನೋಡಿದರು, ಎರಡನೇ ಭಾಗ ಯಾವಾಗ ಎಂದು ಸುಭಾಸನ ಜೀವ ತಿಂದರು.

ಇಂಥ ಸಿನಿಮಾದ ಎರಡನೇ ಭಾಗಕ್ಕೆ ಕತೆ ಎಲ್ಲಿಂದ ಬರಬೇಕು? ಹೆಸರಿನ ಮುಂದೆ ಎರಡು ಎಂದು ಬರೆದರೆ ಮುಗಿಯಿತು. ರಾಜಕುಮಾರಿಯಾಗಿದ್ದ ಹುಡುಗಿ ಮದುವೆಯಾಗಿ ಕುಬಿಹಾಳಕ್ಕೆ ಹೋಗಿದ್ದಳು, ಅವಳ ಕಿರೀಟವನ್ನು ಇನ್ನೊಬ್ಬಳ ತಲೆಗಿಟ್ಟರು, ಯಾರೂ ಕೇಳಲಿಲ್ಲ. ಮೊದಲ ಭಾಗದಲ್ಲಿ ಸುಟ್ಟು ಬೂದಿಯಾಗಿದ್ದ ಮಾಂತ್ರಿಕನೂ ಬರಲೇಬೇಕಿತ್ತು.

“ಬೂದಿಯಿಂದ ಎದ್ದ ಅನ್ನೂಣು ಬಿಡ್ರಿ ಕಾಕಾ,” ಎಂದಿದ್ದ ಸುಭಾಸ. “ಹೆಂಗ ಎದ್ದ ಅಂತ ಕೇಳಾವ್ರು ಈ ಸಿನಿಮಾ ನೋಡೂದಿಲ್ಲ.”

ಹನಮಪ್ಪನಿಗೆ ಅದೇ ಹಿಡಿಸಿತ್ತು. ಹೊಲದಲ್ಲಿ ಕಣ್ಮುಚ್ಚಿದ ಎತ್ತು ಏಳುವುದಿಲ್ಲ, ಮನೆಯಲ್ಲಿ ಕಣ್ಮುಚ್ಚಿದ ತಾಯಿ ಏಳುವುದಿಲ್ಲ. ಸುಭಾಸನ ರಾಜ್ಯದಲ್ಲಿ ಮಾತ್ರ ಸತ್ತವರು ಮೀಸೆ ಬದಲಾಯಿಸಿಕೊಂಡು ನಗುತ್ತ ಬರುತ್ತಾರೆ. ಅಷ್ಟು ಸುಖ ಕೊಡುವ ಸಿನಿಮಾದಲ್ಲಿ ತಂತಿ ಕಂಡರೆ ಕಾಣಲಿ.

ಹನಮಪ್ಪ ಹಳೇ ದೊಡ್ಡಾಟದ ಮನುಷ್ಯ. ಅವನ ಮೇಳದಲ್ಲಿ ಒಂದು ಕಟ್ಟಳೆಯಿತ್ತು: ಆಟದಲ್ಲಿ ಸತ್ತ ವೇಷವನ್ನು ಹಾಗೇ ಬಿಡುವಂತಿಲ್ಲ. ಮುಖದ ಮುಂದೆ ಕರ್ಪೂರ ಬೆಳಗಿ “ಏಳಪಾ, ಆಟ ಮುಗೀತು” ಎಂದು ಎಬ್ಬಿಸಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು, ಸತ್ತವನೂ ಅಲುಗಾಡಬಾರದು. ಮಾಡದಿದ್ದರೆ ಸಾವು ವೇಷದೊಂದಿಗೆ ಮನೆಗೆ ಬರುತ್ತದೆ ಎನ್ನುತ್ತಿದ್ದರು. ಮೊದಲ ಭಾಗದಲ್ಲಿ ಮಾಂತ್ರಿಕ ಸತ್ತಾಗ ಮಗನೇ ಕರ್ಪೂರ ಹಿಡಿದು ಅಪ್ಪನನ್ನು ಎಬ್ಬಿಸಿದ್ದ. ಎರಡನೇ ಭಾಗದಲ್ಲಿ ಸಾಯುವ ಸರದಿ ಮಗನದು.

ಊರಾಚೆಯ ಹಾಳು ಬುರುಜಿನ ಮೇಲೆ ಶಿವಾಜಿ ನೀಲಿ ಶಾಲು ಹೊದ್ದು ನಿಂತಿದ್ದ. ಮಾಂತ್ರಿಕ ಕೆಳಗಿನಿಂದ ಮಂತ್ರ ಎಸೆಯುವುದು, ರಾಜಕುಮಾರ ಹಿಂದಿನ ಮೇವಿನ ರಾಶಿಯ ಮೇಲೆ ಬೀಳುವುದು, ಮಾಂತ್ರಿಕ ನಗುವುದು. ಹನಮಪ್ಪ ಕೈ ಬೀಸಿದ. ಬುರುಜಿನ ಕಲ್ಲೊಂದು ಕಳಚಿತು. ಶಿವಾಜಿ ಹಿಂದಕ್ಕೆ ಬೀಳುವ ಬದಲು ಮುಂದಕ್ಕೆ, ಅಪ್ಪನ ಕಾಲ ಬಳಿಯೇ ಬಿದ್ದ. ಆಹಾ, ಹುಡುಗ ಹೊಸದೇನೋ ಮಾಡಿದನಲ್ಲ ಎಂದು ಎಲ್ಲರೂ ಹಿಗ್ಗಿದರು. ಸುಭಾಸ ಕ್ಯಾಮೆರಾ ನಿಲ್ಲಿಸಲಿಲ್ಲ. ಹನಮಪ್ಪ ಸೊಂಟಕ್ಕೆ ಕೈಯಿಟ್ಟು, ದೊಡ್ಡಾಟದ ರಾಕ್ಷಸನಂತೆ, ಎದೆ ಖಾಲಿಯಾಗುವವರೆಗೆ ನಕ್ಕ.

ಆಮೇಲೆ ಕರ್ಪೂರ. ಆಷಾಢದ ಗಾಳಿಗೆ ಕಡ್ಡಿ ಗೀರಿದಂತೆಲ್ಲ ಆರುತ್ತಿತ್ತು. ಕಂಬಳಿ ಮರೆ ಹಿಡಿದರು, ಆದರೂ ಹತ್ತಲಿಲ್ಲ. ಕಟ್ಟಳೆ ಮುರಿಯಬಾರದೆಂದು ಯಾರೂ ಹುಡುಗನನ್ನು ಮುಟ್ಟಲಿಲ್ಲ. “ಹಂಗ ಮಲಗಪಾ, ಅಲಗಾಡಬ್ಯಾಡ,” ಎಂದು ಹನಮಪ್ಪನೇ ಗದರಿದ. ಕೊನೆಗೆ ಕರ್ಪೂರ ಹತ್ತಿತು. ಬೆಳಗಿದ. ಏಳಪಾ ಎಂದ. ಮತ್ತೊಮ್ಮೆ ಎಂದ. ಮಗನ ತಲೆಗೆ ಕೈ ಹಾಕಿದರೆ ಕೈ ಕೆಂಪಾಯಿತು. ಬಣ್ಣವೆಂದುಕೊಂಡ. ಅವತ್ತು ಬಣ್ಣ ತಂದಿರಲಿಲ್ಲ.

ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಶಿವಾಜಿಯ ಉಸಿರು ನಿಂತಿತು. ತುಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಆ ಮಾತು ಹನಮಪ್ಪನ ಹೊಟ್ಟೆಯಲ್ಲಿ ಕೂತಿತು. ಹೆಂಡತಿ ರೇಣುಕವ್ವನಿಗೆ ಅವನು ಕಲ್ಲು ಕಳಚಿದ್ದನ್ನು ಹೇಳಿದ. ತಾನು ನಕ್ಕದ್ದನ್ನು ಹೇಳಲಿಲ್ಲ. ಅಲ್ಲಿದ್ದವರೂ ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಮರುವರ್ಷ ಸುಭಾಸ ಮನೆಗೇ ಬಂದ. ಉಳಿದ ಸಿನಿಮಾ ಮುಗಿದಿದೆ, ಶಿವಾಜಿಯ ಹೆಸರಿನಲ್ಲೇ ಮೊದಲು ಊರಿಗೆ ತೋರಿಸುತ್ತೇನೆ, ನೀವು ಬೇಡವೆಂದರೆ ಇಲ್ಲ ಎಂದ. ಹನಮಪ್ಪ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ರೇಣುಕವ್ವ, “ತೋರಸ್ರಿ. ನಾ ಬರ್ತೇನಿ,” ಎಂದಳು. ಮಗ ಸತ್ತ ಮೇಲೆ ಆಕೆ ಒಂದನ್ನು ಬೇಕೆಂದು ಕೇಳಿದ್ದು ಅದೇ ಮೊದಲು.

ಮರುದಿನವೇ ಹನಮಪ್ಪ ನವಲಗುಂದದ ಸ್ಟುಡಿಯೊಕ್ಕೆ ಓಡಿದ.

“ನಾ ನಕ್ಕಿದ್ದು ತಗೀರಿ ಸುಭಾಸಪ್ಪ,” ಎಂದ. “ಆಕಿ ನೋಡಿದ್ರ ನನ್ನ ಮಾರಿ ಜಲ್ಮದಾಗ ನೋಡೂದಿಲ್ಲ.”

ಸುಭಾಸ ತಲೆ ಕೆರೆದುಕೊಂಡ. “ಕಾಕಾ, ತಪ್ಪು ತಿಳೀಬ್ಯಾಡ್ರಿ. ಇಡೀ ಸಿನಿಮಾದಾಗ ಖರೇ ಅನಸೂದು ಅದೊಂದ ಐತಿ. ಬಾಕಿ ಎಲ್ಲಾ ಓತಿಕ್ಯಾತ.”

“ಖರೇ ಐತಂತನ ತಗೀರಿ ಅನ್ನಾಕತ್ತೇನಿ!”

ಹನಮಪ್ಪನ ದನಿಗೆ ಹೊರಗಿದ್ದ ಗಿರಾಕಿಗಳು ಇಣುಕಿದರು. ಸುಭಾಸನ ಕಣ್ಣೂ ತುಂಬಿತು. ಕೆಟ್ಟವನಲ್ಲ, ಕೈ ಬಿಗಿ ಅಷ್ಟೆ. ಹುಡುಗ ಬೀಳುವ ಮೊದಲೇ ಶಾಟ್ ಕತ್ತರಿಸಿ, ಉಳಿದದ್ದನ್ನು ಹನಮಪ್ಪನ ಕಣ್ಣೆದುರೇ ಅಳಿಸಿಹಾಕಿದ. ಹನಮಪ್ಪ ಅವನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡ. ಬಸ್ಸಿನಲ್ಲಿ ಮನೆಗೆ ಬರುವಾಗ, ಎಷ್ಟೋ ದಿನಗಳ ಮೇಲೆ, ಅವನಿಗೆ ಕಣ್ಣು ಹತ್ತಿತು.

ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದ್ದರು. ಹೊರಗೆ ಮಟಮಟ ಮಧ್ಯಾಹ್ನ. ರೇಣುಕವ್ವ ಮುಂದಿನ ಸಾಲಿನಲ್ಲಿ ಕೂತಳು. ಒಂದು ಬದಿಗೆ ಗಂಡ, ಇನ್ನೊಂದು ಬದಿಗೆ ವೇಷದ ಬಟ್ಟೆ ಹೊಲಿಯುವ ಖಾದರಬಿ. ಓತಿಕ್ಯಾತ ಬಂದಾಗ ಮಂದಿ ಶಿಳ್ಳೆ ಹೊಡೆದರು. ಹೊಸ ರಾಜಕುಮಾರಿಯ ಕಿರೀಟ ಮೂಗಿಗೆ ಜಾರಿದಾಗ ಚಪ್ಪಾಳೆ. ಆಮೇಲೆ ಬುರುಜು ಬಂತು, ಭವನ ಗಪ್ಪಾಯಿತು.

ಮಾಂತ್ರಿಕ ಕೈ ಬೀಸಿದ. ತಟ್ಟನೆ ನೀಲಿ ಶಾಲಿನ ಶಿವಾಜಿ ಕೆಂಪು ಶಾಲಿನ ಶಿವಾಜಿಯಾದ. ಅದು ಮೊದಲ ಭಾಗದ ಶಾಟು, ಬೆಟ್ಟವೂ ಬೇರೆ, ಮೀಸೆಯೂ ಬೇರೆ. ಖಡ್ಗ ಎತ್ತಿ ನಕ್ಕ, ಫೋಟೊದಂತೆ ಅಲ್ಲೇ ನಿಂತ, ಕೆಳಗೆ ‘ವೀರಮರಣ’ ಎಂದು ಅಕ್ಷರ ಮೂಡಿತು. ಹನಮಪ್ಪ ಬಿಗಿಹಿಡಿದಿದ್ದ ಉಸಿರು ಬಿಟ್ಟ.

“ಅಂವ ಬಿದ್ದಿದ್ದು ಎಲ್ಲೈತಿ?” ರೇಣುಕವ್ವ ತೆರೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ತಗಸೇನಿ. ನಿನ್ನ ಕೈಲೆ ನೋಡಾಕ ಆಗೂದಿಲ್ಲಂತ.”

“ನೋಡಾಕ ಯಾರ ಬಂದಾರ? ನಾ ಕೇಳಾಕ ಬಂದೇನಿ. ಬಿದ್ದ ಮ್ಯಾಲ ಯವ್ವಾ ಅಂದನಂತ. ಖಾದರಬಿ ಬಾಜೂಕ ಇದ್ಲಲ್ಲ, ಕೇಳ್ಯಾಳ. ಕ್ಯಾಮೆರಾದಾಗ ಬಂದಿರತೈತಿ ಅಂತ ಹೇಳಿದ್ಲು. ಅದಕ್ಕ ಬಂದೆ.”

ಹನಮಪ್ಪ ಆಕೆಯತ್ತ ತಿರುಗಿದ. ಯವ್ವಾ ಅಂದನೆ? ತನ್ನ ಕಾಲ ಬಳಿಯೇ ಬಿದ್ದಿದ್ದನಲ್ಲ, ತನಗೇಕೆ ಕೇಳಲಿಲ್ಲ? ಯಾಕೆ ಕೇಳಲಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೊನೆಯ ಆ ಒಂದು ಮಾತನ್ನೂ ಹೆತ್ತವಳಿಗೆ ದಕ್ಕದಂತೆ ತಾನೇ ಅಳಿಸಿ ಬಂದಿದ್ದ. ಬೇಡಿಕೊಂಡು, ಕೈಮುಗಿದು ಅಳಿಸಿ ಬಂದಿದ್ದ.

ಸಿನಿಮಾ ಮುಂದೆ ಹೋಯಿತು. ಯಾರೋ ಹೊಸ ವೀರ ಬಂದು ಮಾಂತ್ರಿಕನನ್ನು ಮತ್ತೆ ಬೂದಿ ಮಾಡಿದ. ಮುಗಿಯಿತೆಂದು ಮಂದಿ ಎದ್ದು ನಿಂತರು. ಅಷ್ಟರಲ್ಲಿ ಬೂದಿ ಅಲುಗಾಡಿತು, ಬೂದಿಯೊಳಗೊಂದು ಕಣ್ಣು ತೆರೆಯಿತು, ಮೂರನೇ ಭಾಗಕ್ಕೆ ಜಾಗ ಬೇಕಲ್ಲ. ಮಾಂತ್ರಿಕನ ನಗು ಶುರುವಾಯಿತು.

ಮೊದಲ ಉಸಿರಿಗೇ ಹನಮಪ್ಪ ಗುರುತು ಹಿಡಿದ. ಅದು ಬುರುಜಿನ ಕೆಳಗೆ ನಕ್ಕ ನಗು. ಸುಭಾಸ ಶಾಟ್ ಅಳಿಸಿದ್ದ, ಆದರೆ ಅಂಥ ನಗುವನ್ನು ಬಿಸಾಡಲು ಮನಸ್ಸು ಬಾರದೆ ದನಿಯನ್ನಷ್ಟೇ ಮೊದಲೇ ಎತ್ತಿ ಇಲ್ಲಿ ಅಂಟಿಸಿದ್ದ, ಮರೆತೂ ಬಿಟ್ಟಿದ್ದ. ನಗು ಏರುತ್ತ ಹೋಯಿತು. ಅದರ ಅಡಿಯಲ್ಲಿ, ಮೂಟೆಯ ಕೆಳಗೆ ಸಿಕ್ಕವನ ದನಿಯಂತೆ, ಒಂದು ಮಾತು ಬಂತು.

“ಯವ್ವಾ...”

“ಮೂರನೇ ಭಾಗಾ!” ಎಂದು ಹಿಂದಿನ ಸಾಲು ಕೂಗಿತು. ಶಿಳ್ಳೆ, ಚಪ್ಪಾಳೆ.

ರೇಣುಕವ್ವ ಎದ್ದು ನಿಂತಿದ್ದಳು. “ಇನ್ನೊಮ್ಮಿ ಹಚ್ರಿ,” ಎಂದಳು. ಸುಭಾಸ ಮತ್ತೆ ಹಚ್ಚಿದ. ನಗು, ನಗುವಿನ ಕೆಳಗೆ ಮಗ. ಆಕೆ ನಿಧಾನಕ್ಕೆ ಗಂಡನ ಕಡೆ ತಿರುಗಿದಳು.

“ಅಂವ ಕರಿಯೂ ಮುಂದ ನೀ ನಗಾಕ ಹತ್ತಿದ್ದೇನು?”

“ಆಟಂತ ತಿಳದೆ,” ಎಂದ ಹನಮಪ್ಪ. ಮಗನ ಮುಂದೆಯೂ ಹೆಂಡತಿಯ ಮುಂದೆಯೂ ಅವನ ಹತ್ತಿರ ಇದ್ದದ್ದು ಅದೊಂದೇ ಮಾತು. ಆಕೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಬದುಕಿದಂತಾಗುತ್ತಿತ್ತು.

ಹುಡುಗನ ದನಿಯನ್ನು ಬೇರೆ ಮಾಡಿ ಕೊಡು ಎಂದು ಆಕೆ ಸುಭಾಸನನ್ನು ಕೇಳಿದಳು. ಅವತ್ತು ಮೈಕ್ ಇದ್ದದ್ದು ಒಂದೇ, ಅದೂ ಮಾಂತ್ರಿಕನ ಎದೆಯ ಮೇಲೆ. ಏನೇನೋ ಮಾಡಿ ನೋಡಿದ, ನಗು ತೆಗೆದರೆ ಮಗನೂ ಹೋಗುತ್ತಿದ್ದ. ಕೊನೆಗೆ ಹಾಗೇ ಆಕೆಯ ಫೋನಿಗೆ ಹಾಕಿಕೊಟ್ಟ.

ಈಗ ರೇಣುಕವ್ವ ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಗೋಡೆಗೊರಗಿ ಕೂತು, ಫೋನನ್ನು ಕಿವಿಗೆ ಹಿಡಿಯುತ್ತಾಳೆ. ಹನಮಪ್ಪ ಹೊರಗಿನ ಕಟ್ಟೆಯ ಮೇಲೆ ಇರುತ್ತಾನೆ, ಎದ್ದು ಹೋಗುವುದಿಲ್ಲ. ಮೊದಲು ಅವನ ನಗು ಬರುತ್ತದೆ. ನಡುವೆ ಒಮ್ಮೆ ಮಗ ಕರೆಯುತ್ತಾನೆ, ರೇಣುಕವ್ವ “ಏನಪಾ” ಎನ್ನುತ್ತಾಳೆ. ಆಮೇಲೂ ಬಹಳ ಹೊತ್ತು ಹನಮಪ್ಪ ನಗುತ್ತಲೇ ಇರುತ್ತಾನೆ.