ತುಳಸಿಗೆ ಸುರಿದ ಎಂಟು ಲೋಟ

ನಲವತ್ತು ವರ್ಷ ಏಕಾದಶಿಗೆ ಹನಿ ನೀರು ಮುಟ್ಟದ ವೇದವ್ಯಾಸ ಎಂದು ಕಮಲಾಪುರದಲ್ಲಿ ನನಗೊಂದು ಹೆಸರಿತ್ತು. ಕಾಯಿಲೆಯವರಿಗೆ ಶಾಸ್ತ್ರವೇ ರಿಯಾಯಿತಿ ಕೊಟ್ಟಿದೆ, ನೀರು ಕುಡಿಯಿರಿ ಎಂದು ಊರಿಗೆಲ್ಲ ಹೇಳುತ್ತಿದ್ದವನೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಈ ವರ್ಷ ಕಲಬುರಗಿಯಲ್ಲಿ ನನ್ನ ಎದೆ ತೆರೆದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಉಬ್ಬಿದ ಭಾಗ ತೆಗೆದು ಹೊಸದು ಜೋಡಿಸಿದರು. ಆಪರೇಷನ್ ಹೊತ್ತಿನಲ್ಲಿ ಕಿಡ್ನಿಗೆ ಒಂದು ಪೆಟ್ಟು ಬಿದ್ದಿದೆ, ಇನ್ನೊಂದನ್ನು ಅದು ತಾಳುವುದಿಲ್ಲ ಎಂದು ಡಾಕ್ಟರ್ ಸಬಾ ಬಿಡಿಸಿ ಹೇಳಿದ್ದರು. ದಿನಕ್ಕೆ ಎಂಟು ಲೋಟ ನೀರು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ನನ್ನ ಹೆಂಡತಿ ತುಂಗಾಬಾಯಿ ಒಂದೊಂದು ಲೋಟವನ್ನೂ ವಹಿಯಲ್ಲಿ ಬರೆದಿಡುತ್ತಿದ್ದಳು.

ಏಕಾದಶಿ ಬಂತು. ಆಕೆ ಲೋಟವಿಟ್ಟು ಒಳಗೆ ಹೋದಾಗಲೆಲ್ಲ ನಾನು ಮೆಲ್ಲಗೆದ್ದು ನೀರನ್ನು ತುಳಸಿಗೆ ಸುರಿದೆ. ಯಾರಿಗೂ ಕಾಣದಿದ್ದರೂ ನನ್ನ ಹೆಸರು ಉಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಎರಡು ದಿನದ ಮೇಲೆ ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು. ಹೀಗೇ ಏರಿದರೆ ಡಯಾಲಿಸಿಸ್ ಮಾಡಬೇಕಾದೀತು ಎಂದ ಡಾಕ್ಟರು ವಹಿ ತಿರುವಿ, ಸುಮ್ಮನೆ ಅಂದಾಜಿಗೆ ಬರೆದಿದ್ದೀರಾ ಎಂದು ತುಂಗಾಬಾಯಿಯನ್ನು ಗದರಿದರು. ಆಕೆ ತಲೆ ತಗ್ಗಿಸಿ ನಿಂತಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

ಊರಿಗೆ ಮರಳುವ ಬಸ್ಸಿನಲ್ಲಿ ಆಕೆ ವಹಿ ತಿರುವುತ್ತ ಹೇಳಿದಳು: "ಎಣಿಸೋದರಾಗ ನಾನೇ ತಪ್ಪೀನಿ ಕಾಣ್ತದ್ರಿ. ನಿಮ್ಮ ಕಿಡ್ನಿ ನೆಟ್ಟಗ ಆಗೋತನಕ ಏಕಾದಶಿಗೆ ನಿಮ್ಮ ಬದಲಿ ನಾನು ನೀರು ಮುಟ್ಟಂಗಿಲ್ಲ."

ಆಕೆಗೆ ಸಕ್ಕರೆ ಕಾಯಿಲೆ. ನೀರಿಲ್ಲದ ಉಪವಾಸ ಆಕೆಗೂ ಅಪಾಯ.

"ನೀ ತಪ್ಪಿಲ್ಲ. ನಾನೇ ಎಂಟೂ ಲೋಟ ತುಳಸಿಗೆ ಹಾಕೀನಿ."

ಆಕೆ ಬಯ್ಯಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ನನ್ನ ಕೈಗಿಟ್ಟಳು. ಅರ್ಧ ಬಸ್ಸು ಕಮಲಾಪುರದವರೇ. ಅವರೆಲ್ಲ ಕೇಳುವಂತೆ ಅದನ್ನೇ ಮತ್ತೆ ಹೇಳಿದೆ. ಊರಿಗೆ ಬುದ್ಧಿ ಹೇಳುವವನೇ ಹೆಂಡತಿಗೆ ಮೋಸ ಮಾಡಿದ ಎಂದಾಯಿತು; ನಲವತ್ತು ವರ್ಷದ ಹೆಸರು ಅಲ್ಲಿಗೆ ಮುಗಿಯಿತು.

ಈಗ ಕ್ರಿಯಾಟಿನಿನ್ ಇಳಿದಿದೆ. ಇವತ್ತು ಮತ್ತೆ ಏಕಾದಶಿ. ತುಂಗಾಬಾಯಿ ಲೋಟ ಕೊಟ್ಟು ಎದುರಿಗೇ ನಿಂತಳು. ನಾನು ಪೂರ್ತಿ ಕುಡಿದೆ. ಮದುವೆಯಾದಂದಿನಿಂದ ನನ್ನ ಒಂದು ಮಾತನ್ನೂ ಅನುಮಾನಿಸದವಳು ಲೋಟ ಇಸಿದುಕೊಂಡು, ಬೋರಲು ಹಾಕಿ ನೋಡಿ, ಆಮೇಲೆ ವಹಿಯಲ್ಲಿ ಒಂದು ಎಂದು ಬರೆದಳು.